ಚಿಕ್ಕ ಮಕ್ಕಳ ಜೊತೆ ಬೀದರ್ ಪ್ರವಾಸ: ಎರಡು ರಾತ್ರಿ, ಮೂರು ದಿನದ ಯೋಜನೆ ಹೀಗೆ ಮಾಡಿ

ಬೀದರ್‌ಗೆ ಮಕ್ಕಳನ್ನು ಕರೆದುಕೊಂಡು ಹೋಗೋಣ ಅಂದ ಕೂಡಲೇ ಮನೆಯಲ್ಲಿ ಉದ್ದನೆಯ ಪಟ್ಟಿ ತಯಾರಾಗುತ್ತದೆ. ಕೋಟೆ, ಗವಾನ್ ಮದರಸಾ, ಅಷ್ಟೂರಿನ ಗುಮ್ಮಟಗಳು, ಗುರುದ್ವಾರ, ಝರಣಿ ನರಸಿಂಹ, ಪಾಪನಾಶ. ಬರುವಾಗ ಹಾಗೇ ಬಸವಕಲ್ಯಾಣ, ಹುಮನಾಬಾದ್ ವೀರಭದ್ರ. ನಸುಕಿನಲ್ಲಿ ಕಲಬುರಗಿ ಬಿಟ್ಟು ರಾತ್ರಿ ಊಟಕ್ಕೆ ಮನೆ ಸೇರಿಬಿಡೋಣ ಅಂತ ಯಾರಾದರೂ ಒಬ್ಬರು ಹೇಳಿಯೇ ಹೇಳುತ್ತಾರೆ. ದೊಡ್ಡವರಷ್ಟೇ ಹೋದರೆ ಅದೂ ಆದೀತು. ಮನೆಯಲ್ಲಿ 2 ವರ್ಷದ್ದೊಂದು, 6 ವರ್ಷದ್ದೊಂದು ಇದ್ದರೆ ಆಗುವುದಿಲ್ಲ. ಮಧ್ಯಾಹ್ನದ ಹೊತ್ತಿಗೆ ಚಿಕ್ಕದು ನಿದ್ದೆಗೆಟ್ಟು ಅಳುತ್ತದೆ, ದೊಡ್ಡದು "ಇನ್ನೂ ಎಷ್ಟು ದೂರ" ಅಂತ ಪೀಡಿಸುತ್ತದೆ, ಅವ್ವ ಯಾವ ಗುಮ್ಮಟವನ್ನೂ ನೋಡದೆ ನೆರಳು ಹುಡುಕುತ್ತಾ ನಿಲ್ಲುತ್ತಾಳೆ.

ಹಾಗಾಗಿ ಈ ಯೋಜನೆಯನ್ನು ಬೇರೆ ರೀತಿ ಕಟ್ಟಿದ್ದೇನೆ. ದಿನಕ್ಕೆ ಒಂದೇ ದೊಡ್ಡ ಜಾಗ, ಅದೂ ಬೆಳಗ್ಗೆ. ಮಧ್ಯಾಹ್ನ ರೂಮಿನಲ್ಲಿ ಊಟ, ನಿದ್ದೆ. ಸಂಜೆ ಮಕ್ಕಳು ಓಡಾಡುವಂಥ ಬಯಲು ಅಥವಾ ತೋಟ. ಪಟ್ಟಿಯಲ್ಲಿದ್ದ ಅರ್ಧ ಜಾಗ ಈ ಸಲ ಬಿಟ್ಟುಹೋಗುತ್ತವೆ, ಹೋಗಲಿ ಬಿಡಿ. ಬೀದರ್ ಎಲ್ಲಿಗೂ ಹೋಗುವುದಿಲ್ಲ, ಮಕ್ಕಳು ದೊಡ್ಡವರಾದ ಮೇಲೆ ಮತ್ತೆ ಹೋಗಬಹುದು ಅಲ್ವಾ?

ಮೊದಲು ತಿಂಗಳು ಗೊತ್ತು ಮಾಡಿ

ನಮ್ಮ ಕಡೆ ಬಿಸಿಲಿನ ವಿಷಯ ಹೊಸದಾಗಿ ಹೇಳಬೇಕಾಗಿಲ್ಲ. ಏಪ್ರಿಲ್, ಮೇ ತಿಂಗಳಲ್ಲಿ 42 ಡಿಗ್ರಿ ದಾಟುವುದು ಮಾಮೂಲಿ. ಶಾಲೆಗೆ ದೊಡ್ಡ ರಜೆ ಇರುವುದು ಅದೇ ತಿಂಗಳುಗಳಲ್ಲಿ, ಅದೇ ತೊಂದರೆ. ನನ್ನ ಸಲಹೆ ದಸರಾ ರಜೆ. ಮಳೆ ಮುಗಿದಿರುತ್ತದೆ, ಕೋಟೆಯ ಸುತ್ತ ಹಸಿರು ಇರುತ್ತದೆ, ಬಿಸಿಲಿಗೆ ಅಷ್ಟು ಜೋರು ಇರುವುದಿಲ್ಲ. ಅದು ತಪ್ಪಿದರೆ ನವೆಂಬರ್‌ನಿಂದ ಫೆಬ್ರುವರಿವರೆಗೆ ಯಾವುದಾದರೂ ವಾರದ ಕೊನೆ.

ಚಳಿಗಾಲದಲ್ಲಿ ಹೋಗುವವರು ಸ್ವೆಟರ್ ಮರೆಯಬೇಡಿ. ಬೀದರ್ ಇರುವುದು ಎತ್ತರದ ಜಂಬಿಟ್ಟಿಗೆ ಕಲ್ಲಿನ ದಿಬ್ಬದ ಮೇಲೆ. ಕಲಬುರಗಿಗಿಂತ ಅಲ್ಲಿ ಚಳಿ ಜಾಸ್ತಿ. ಡಿಸೆಂಬರ್ ಬೆಳಗ್ಗೆ ಕೋಟೆಯ ಬಾಗಿಲಲ್ಲಿ ಗಾಳಿ ಕಿವಿಗೆ ಹೊಡೆಯುತ್ತದೆ. ಮಕ್ಕಳಿಗೆ ಕುಲಾವಿ ಅಥವಾ ಮಫ್ಲರ್ ಇರಲಿ.

ಇನ್ನೊಂದು ಮಾತು. ಎಳ್ಳ ಅಮಾಸಿ ದಿನ ಬೀದರ್‌ಗೆ ಹೋಗುವ ಯೋಚನೆ ಇದ್ದರೆ ಹೊಲಕ್ಕೆ ಕರೆಯುವ ನೆಂಟರೋ ಗೆಳೆಯರೋ ಇದ್ದಾರಾ ನೋಡಿಕೊಳ್ಳಿ. ಅವತ್ತು ಊರಿಗೆ ಊರೇ ಹೊಲದಲ್ಲಿರುತ್ತದೆ. ಅಂಗಡಿ, ಖಾನಾವಳಿ ಬಹಳಷ್ಟು ಮುಚ್ಚಿರುತ್ತವೆ. ಕರೆಯುವವರು ಇದ್ದರೆ ಮಾತ್ರ ಅದರಷ್ಟು ಒಳ್ಳೆಯ ದಿನ ಇನ್ನೊಂದಿಲ್ಲ. ಭಜ್ಜಿ, ಸಜ್ಜಿ ರೊಟ್ಟಿ, ಅಂಬಲಿ ಉಂಡು ಮಕ್ಕಳು ತೊಗರಿ ಸಾಲಿನಲ್ಲಿ ಸಂಜೆತನಕ ಆಡುತ್ತಾರೆ. ಅವತ್ತಿನ ಮಟ್ಟಿಗೆ ಕೋಟೆ, ಗುಮ್ಮಟ ಎಲ್ಲ ಮರೆತುಬಿಡಿ.

ರೈಲೋ, ಬಸ್ಸೋ, ಕಾರೋ

ಕಲಬುರಗಿಯಿಂದ ಬೀದರ್ ಸುಮಾರು 110 ಕಿ.ಮೀ. ಮಕ್ಕಳಿದ್ದರೆ ಹೋಗುವಾಗ ಒಂದು ಸಲವಾದರೂ ರೈಲು ಹತ್ತಿ ಅನ್ನುತ್ತೇನೆ. ಬೀದರ್–ಕಲಬುರಗಿ ರೈಲು ಮಾರ್ಗ ಪೂರ್ತಿಯಾಗಿ ಶುರುವಾದದ್ದು 2017ರ ಅಕ್ಟೋಬರ್‌ನಲ್ಲಿ. ದಾರಿಯಲ್ಲಿ ಮರಗುತ್ತಿ ಹತ್ತಿರ ಒಂದೂವರೆ ಕಿ.ಮೀ.ಗಿಂತ ಉದ್ದದ ಸುರಂಗ ಇದೆ. ಹಗಲಿನಲ್ಲಿ ಇದ್ದಕ್ಕಿದ್ದಂತೆ ಡಬ್ಬಿ ಕತ್ತಲಾಗುತ್ತದೆ, ಸದ್ದು ದುಪ್ಪಟ್ಟಾಗುತ್ತದೆ, ಮಕ್ಕಳು ಕಿರುಚುತ್ತಾರೆ. ತೀರ ಚಿಕ್ಕ ಕೂಸಿದ್ದರೆ ಸುರಂಗ ಬರುವ ಮೊದಲೇ ಎದೆಗೆ ಅಪ್ಪಿಕೊಳ್ಳಿ, ಹೆದರುವುದಿಲ್ಲ.

ರೈಲಿನಲ್ಲಿ 5 ವರ್ಷ ತುಂಬದ ಮಗುವಿಗೆ ಟಿಕೆಟ್ ಬೇಡ. 5ರಿಂದ 12ರೊಳಗೆ, ಬೇರೆ ಬರ್ತ್ ಕೇಳದಿದ್ದರೆ ಅರ್ಧ ಟಿಕೆಟ್. ಈ ದಾರಿಯಲ್ಲಿ ಓಡುವ ರೈಲುಗಳು ಕಮ್ಮಿ. ಹೊರಡುವ ಹಿಂದಿನ ದಿನ 139ಕ್ಕೆ ಫೋನ್ ಮಾಡಿ ಸಮಯ ಕೇಳಿಕೊಳ್ಳಿ. ಬಸ್ಸಾದರೆ ಕಲ್ಯಾಣ ಕರ್ನಾಟಕ ಸಾರಿಗೆಯ ಗಾಡಿಗಳು ದಿನವಿಡೀ ಇರುತ್ತವೆ. ಅಲ್ಲಿ 6 ವರ್ಷದೊಳಗಿನವರಿಗೆ ಟಿಕೆಟ್ ಇಲ್ಲ, 12ರವರೆಗೆ ಅರ್ಧ. ಸಾಮಾನ್ಯ ಮತ್ತು ಎಕ್ಸ್‌ಪ್ರೆಸ್ ಬಸ್ಸಿನಲ್ಲಿ ಶಕ್ತಿ ಯೋಜನೆ ನಡೆಯುತ್ತದೆ, ಅವ್ವ, ಅಜ್ಜಿ ಇಬ್ಬರೂ ಆಧಾರ್ ಕಾರ್ಡ್ ಕೈಗೆ ಸಿಗುವ ಹಾಗೆ ಇಟ್ಟುಕೊಳ್ಳಲಿ.

ಕಾರಿನ ಅನುಕೂಲ ಬೇರೆ. ಸಾಮಾನು ಹೊರುವ ಕಷ್ಟ ಇಲ್ಲ, ಮಗುವಿಗೆ ಮೂತ್ರ ಬಂದರೆ ನಿಲ್ಲಿಸಬಹುದು. ಮಕ್ಕಳು ಹಿಂದಿನ ಸೀಟಿನಲ್ಲೇ ಕೂರಲಿ, ಹಿಂಬಾಗಿಲಿನ ಚೈಲ್ಡ್ ಲಾಕ್ ಹಾಕಿ. ಒಂದು ಮಾತನ್ನಂತೂ ಎಲ್ಲರಿಗೂ ಒತ್ತಿ ಹೇಳುತ್ತೇನೆ. ಮಲಗಿದ ಮಗುವನ್ನು ಕಾರಿನಲ್ಲಿ ಬಿಟ್ಟು "ಎರಡೇ ನಿಮಿಷ ನೋಡಿ ಬರ್ತೀವಿ" ಅಂತ ಇಳಿಯಬೇಡಿ. ಗಾಜು ಸ್ವಲ್ಪ ಇಳಿಸಿದ್ದರೂ ಬಿಡಬೇಡಿ. ನಮ್ಮ ಬಿಸಿಲಿಗೆ ನಿಂತ ಕಾರು ಕೆಲವೇ ನಿಮಿಷಗಳಲ್ಲಿ ಕಾಯುತ್ತದೆ.

ಹೊರಡುವ ಸಮಯ ಮಗುವಿನ ನಿದ್ದೆ ನೋಡಿ ಇಡಿ. ಮಧ್ಯಾಹ್ನ ಮಲಗುವ ಅಭ್ಯಾಸ ಇದ್ದರೆ ಊಟ ಮಾಡಿಸಿ ಒಂದು ಗಂಟೆ ಹೊತ್ತಿಗೆ ಹೊರಡಿ. ಅರ್ಧ ದಾರಿ ನಿದ್ದೆಯಲ್ಲೇ ಕಳೆಯುತ್ತದೆ. ಬೀದರ್ ಮುಟ್ಟುವ ಹೊತ್ತಿಗೆ ಎಚ್ಚರ, ಹಸಿವು, ಖುಷಿ ಎಲ್ಲ ಒಟ್ಟಿಗೆ ಬರುತ್ತವೆ.

ರೂಮು ಹೇಗಿರಬೇಕು

ಹೊಸ ಬಸ್‌ಸ್ಟ್ಯಾಂಡ್ ಸುತ್ತ, ಗುರುದ್ವಾರದ ಕಡೆ, ಎಲ್ಲ ದರದ ಲಾಡ್ಜ್‌ಗಳಿವೆ. ಟಿವಿ, ಎಸಿಗಿಂತ ಮೊದಲು ಇಷ್ಟು ಕೇಳಿ: ಬಿಸಿನೀರು ಎಷ್ಟು ಗಂಟೆಗೆ ಬರುತ್ತದೆ, ರಾತ್ರಿ ಹಾಲು ಕಾಯಿಸಿ ಕೊಡುತ್ತಾರಾ, ಕಿಟಕಿಗೆ ಜಾಳಿಗೆ ಇದೆಯಾ, ಬಾಲ್ಕನಿಯ ಕಂಬಿಗಳ ನಡುವೆ ಮಗುವಿನ ತಲೆ ತೂರುವಷ್ಟು ಜಾಗ ಇದೆಯಾ. ಆದಷ್ಟು ಕೆಳಗಿನ ಮಹಡಿ ಕೇಳಿ. ಊರ ಗದ್ದಲ ಬೇಡ ಅನ್ನುವವರಿಗೆ ವಿಲಾಸಪುರ ಕೆರೆ ಹತ್ತಿರ ಜಂಗಲ್ ಲಾಡ್ಜಸ್‌ನ ಬ್ಲ್ಯಾಕ್‌ಬಕ್ ರೆಸಾರ್ಟ್ ಇದೆ. ಖರ್ಚು ಜಾಸ್ತಿ. ಆದರೆ ಆ ಕಡೆಯ ಬಯಲಿನಲ್ಲಿ ಕೃಷ್ಣಮೃಗ ಕಾಣುತ್ತವೆ, ಮಕ್ಕಳಿಗೆ ಅದಕ್ಕಿಂತ ಇನ್ನೇನು ಬೇಕು.

ಚೀಲದಲ್ಲಿ ಏನಿರಲಿ

ಬಟ್ಟೆಬರೆ ಪಟ್ಟಿ ನಾನು ಕೊಡುವುದಿಲ್ಲ, ಅದು ಎಲ್ಲ ಅವ್ವಂದಿರಿಗೂ ಗೊತ್ತು. ಈ ಊರಿಗೇ ಬೇಕಾದ ಕೆಲವು ಸಾಮಾನು ಮಾತ್ರ ಹೇಳುತ್ತೇನೆ.

ಒಂದು ಸಣ್ಣ ಟಾರ್ಚ್. ಇದು ಮುಖ್ಯ, ಯಾಕೆ ಅಂತ ಮುಂದೆ ಗೊತ್ತಾಗುತ್ತದೆ. ಮಕ್ಕಳಿಗೆ ದಪ್ಪ ಕಾಲುಚೀಲ. ಗುಡಿ, ದರ್ಗಾ, ಗುರುದ್ವಾರ ಎಲ್ಲ ಕಡೆ ಚಪ್ಪಲಿ ಬಿಡಬೇಕು, ಬಿಸಿಲಿಗೆ ಕಾದ ಹಾಸುಗಲ್ಲು ಎಳೆ ಪಾದ ಸುಡುತ್ತದೆ. ತಲೆಗೆ ಕಟ್ಟಲು ಒಂದೊಂದು ದೊಡ್ಡ ಕರವಸ್ತ್ರ. ಮಗುವನ್ನು ಹೊರಲು ಹಳೆಯ ಮೆತ್ತನೆ ಸೀರೆ ಅಥವಾ ಹೊರುವ ಚೀಲ. ತಳ್ಳುವ ಗಾಡಿ ಮನೆಯಲ್ಲೇ ಇರಲಿ. ಕೋಟೆಯ ಒರಟು ಕಲ್ಲಿನ ಮೇಲೆ ಅದನ್ನು ತಳ್ಳುವುದಕ್ಕಿಂತ ಎತ್ತಿಕೊಂಡು ಓಡಾಡುವುದೇ ಆಗುತ್ತದೆ.

ಔಷಧಿ ಡಬ್ಬಿಯಲ್ಲಿ ಒಆರ್‌ಎಸ್ ಪುಡಿಯ ಪೊಟ್ಟಣ ಇರಲಿ. ದೊಡ್ಡ ಪೊಟ್ಟಣವಾದರೆ ಪೂರ್ತಿ ಒಂದು ಲೀಟರ್ ನೀರಿಗೆ ಒಂದೇ ಸಲ ಕಲಸಬೇಕು, ಲೋಟಕ್ಕೆ ಚಿಟಿಕೆ ಹಾಕಿ ಕೊಡುವುದು ತಪ್ಪು. ಸಣ್ಣ ಪೊಟ್ಟಣವಾದರೆ ಅದರ ಮೇಲೆ ಎಷ್ಟು ನೀರು ಅಂತ ಬರೆದಿದೆಯೋ ಅಷ್ಟು. ಕಲಸಿದ್ದನ್ನು 24 ಗಂಟೆಯ ಮೇಲೆ ಇಡಬೇಡಿ. ಜ್ವರದ ಔಷಧಿಯ ಪ್ರಮಾಣ ಮಗುವಿನ ತೂಕದ ಮೇಲೆ ಹೋಗುತ್ತದೆ. ನಿಮ್ಮ ಡಾಕ್ಟರ್ ಹತ್ತಿರ ಕೇಳಿ ಬಾಟಲಿ ಮೇಲೇ ಬರೆದು ಅಂಟಿಸಿಕೊಳ್ಳಿ.

ಮೊದಲ ಸಂಜೆ: ಸುಮ್ನೆ ತೋಟದಲ್ಲಿ ಬಿಡಿ

ಬಂದ ದಿನ ಯಾವ ದೊಡ್ಡ ಜಾಗವೂ ಬೇಡ. ಬರೀದ್ ಶಾಹಿ ಗುಮ್ಮಟಗಳ ತೋಟಕ್ಕೆ ಹೋಗಿ. ಬಹಮನಿಗಳ ನಂತರ ಬೀದರ್ ಆಳಿದ ಬರೀದ್ ಶಾಹಿಗಳ ಸಮಾಧಿಗಳು ಅಲ್ಲಿವೆ. ಅಲಿ ಬರೀದನ ಗುಮ್ಮಟಕ್ಕೆ ನಾಲ್ಕೂ ಕಡೆ ಗೋಡೆ ಮುಚ್ಚಿಲ್ಲ, ದೊಡ್ಡ ಕಮಾನುಗಳಿಂದ ಗಾಳಿ ಆಡುತ್ತದೆ. ಸುತ್ತ ಮರ, ಹುಲ್ಲು, ಸಂಜೆ ನಡೆಯಲು ಬಂದ ಊರ ಜನ. ಬಸ್ಸಿನಲ್ಲಿ ಕೂತು ಕೂತು ಬೇಸತ್ತ ಮಕ್ಕಳು ಒಂದು ಗಂಟೆ ಓಡಿದರೆ ರಾತ್ರಿ ಬೇಗ ಮಲಗುತ್ತಾರೆ. ಮರುದಿನ ಬೇಗ ಏಳಲೇಬೇಕು, ಅದಕ್ಕೆ ಇದು ಬೇಕು.

ಎರಡನೇ ದಿನ ಬೆಳಗ್ಗೆ: ಕೋಟೆ

ಏಳೂವರೆಗೆ ಕೋಟೆ ಬಾಗಿಲಲ್ಲಿರಿ, ಹತ್ತೂವರೆಗೆ ಹೊರಗೆ ಬನ್ನಿ. ಈ ಮೂರು ಗಂಟೆಯಲ್ಲಿ ಎಷ್ಟು ಸಿಗುತ್ತದೋ ಅಷ್ಟು. ವಾಹನ ಒಳಗೂ ಹೋಗುತ್ತದೆ. ಆಟೋದಲ್ಲಿ ಹೋದವರು ಕಾಯಲು ಮೊದಲೇ ಮಾತಾಡಿಕೊಳ್ಳಿ.

ಮಕ್ಕಳಿಗೆ ಇತಿಹಾಸ ಮೂರು ಸಾಲಿನಲ್ಲಿ ಸಾಕು. ಬಹಮನಿ ಸುಲ್ತಾನರು 1347ರಲ್ಲಿ ರಾಜ್ಯ ಕಟ್ಟಿದರು, ಅವರ ರಾಜಧಾನಿ ನಮ್ಮ ಕಲಬುರಗಿ. ಆಮೇಲೆ 15ನೇ ಶತಮಾನದಲ್ಲಿ ಅಹಮದ್ ಶಾ ಅನ್ನುವ ಸುಲ್ತಾನ ರಾಜಧಾನಿಯನ್ನು ಬೀದರ್‌ಗೆ ತಂದ. ಈ ಕೋಟೆಯನ್ನು ದೊಡ್ಡದು ಮಾಡಿದ್ದು ಅವನೇ. ಇಷ್ಟು ಹೇಳಿ ಸುಮ್ಮನಾಗಿ. ಉಳಿದದ್ದನ್ನು ಆಟ ಮಾಡಿ.

ಆಟ ಇದು: ಕೋಟೆಯಲ್ಲಿ ಅಡಗಿರುವ ಐದು ವಸ್ತು ಹುಡುಕಬೇಕು. ಹಿಂದಿನ ರಾತ್ರಿಯೇ ಒಂದು ಹಾಳೆಯಲ್ಲಿ ಬರೆದು ದೊಡ್ಡ ಮಗುವಿನ ಕೈಗೆ ಕೊಡಿ.

ಮೊದಲನೆಯದು ಶರ್ಜಾ ದರ್ವಾಜದ ಮೇಲೆ ಕೆತ್ತಿದ ಹುಲಿಗಳು. ಬಾಗಿಲ ಕೆಳಗೆ ನಿಂತು ತಲೆ ಎತ್ತಿದರೆ ಸಿಗುತ್ತವೆ. ಅಲ್ಲೇ ಹೊರಗೆ ಕಂದಕ ತೋರಿಸಿ. ಒಂದರ ಪಕ್ಕ ಒಂದು, ಮೂರು ಕಂದಕ. ಮಣ್ಣು ಅಗೆದದ್ದಲ್ಲ, ಕೆಂಪು ಬಂಡೆಯನ್ನೇ ಕಡಿದು ಮಾಡಿದ್ದು, ನಡುವಿನ ಗೋಡೆಗಳೂ ಅದೇ ಬಂಡೆಯವು. 6 ವರ್ಷದ ಮಗು ಇದನ್ನು ನೋಡಿ "ಯಾರು ಅಗೆದ್ರು?" ಅಂತ ಕೇಳದೆ ಇರುವುದಿಲ್ಲ. ಕೇಳಿದಾಗ ಅವಸರ ಮಾಡದೆ ನಿಂತು ಮಾತಾಡಿ. ಆದರೆ ಅಂಚಿಗೆ ಹೋಗುವಾಗ ಮಗುವಿನ ಮುಂಗೈ ಹಿಡಿದಿರಿ. ಬೆರಳು ಹಿಡಿದರೆ ಜಾರಿಸಿಕೊಂಡು ಓಡುತ್ತವೆ.

ಎರಡನೆಯದು ರಂಗೀನ್ ಮಹಲಿನ ಮುತ್ತಿನ ಚಿಪ್ಪು. ಇದಕ್ಕೇ ಟಾರ್ಚ್ ಬೇಕು ಅಂದದ್ದು. ಈ ಮಹಲಿಗೆ ಬೀಗ ಇರುವುದೇ ಜಾಸ್ತಿ. ಮ್ಯೂಸಿಯಂ ಹತ್ತಿರ ಇರುವ ಸಿಬ್ಬಂದಿಯನ್ನು "ಕಾಕಾ, ಮಕ್ಕಳಿದ್ದಾವ್ರಿ, ಸ್ವಲ್ಪ ರಂಗೀನ್ ಮಹಲ್ ತೋರಸ್ರಿ" ಅಂತ ಕೇಳಿ. ಮಕ್ಕಳ ಮುಖ ನೋಡಿ ಹೆಚ್ಚಾಗಿ ಇಲ್ಲ ಅನ್ನುವುದಿಲ್ಲ. ಒಳಗೆ ಕೆತ್ತನೆಯ ಮರದ ಕಂಬಗಳು, ಬಣ್ಣದ ಹೆಂಚಿನ ಕೆಲಸ. ಇನ್ನೂ ಒಳಗೆ ಕರಿಕಲ್ಲಿನಲ್ಲಿ ಮುತ್ತಿನ ಚಿಪ್ಪು ಕೂರಿಸಿ ಮಾಡಿದ ಬಳ್ಳಿ, ಬರಹ. ಟಾರ್ಚನ್ನು ನೇರ ಬಿಡದೆ ಗೋಡೆಗೆ ಓರೆಯಾಗಿ ಹಿಡಿದು ನಿಧಾನ ಸರಿಸಿ. ಕಪ್ಪು ಕಲ್ಲಿನಲ್ಲಿ ಒಂದೊಂದೇ ಚೂರು ಹಸಿರು, ಗುಲಾಬಿ ಬಣ್ಣ ಬಿಡುತ್ತಾ ಹೊಳೆಯುತ್ತದೆ. ಟಾರ್ಚ್ ಸರಿದಂತೆ ಆ ಬಣ್ಣವೂ ಸರಿಯುತ್ತದೆ. ಮುಟ್ಟುವ ಹಾಗಿಲ್ಲ ಅಂತ ಮೊದಲೇ ಹೇಳಿರಿ, ಟಾರ್ಚನ್ನು ಮಗುವಿನ ಕೈಗೇ ಕೊಡಿ. ಕೈಯಲ್ಲಿ ಕೆಲಸ ಇದ್ದರೆ ಅದು ಗೋಡೆ ಮುಟ್ಟಲು ಹೋಗುವುದಿಲ್ಲ.

ಮೂರನೆಯದು ಸೋಲಾ ಕಂಬ ಮಸೀದಿಯ 16 ಕಂಬಗಳು. ಹೆಸರು ಬಂದದ್ದೇ ಅದರಿಂದ. ಒಳಗೆ ಕಂಬ ಇನ್ನೂ ಬೇಕಾದಷ್ಟಿವೆ, ಹೆಸರು ಕೊಟ್ಟ ಹದಿನಾರು ಯಾವುವು ಅಂತ ಅಪ್ಪನೂ ಮಕ್ಕಳೂ ಸೇರಿ ಎಣಿಸಲಿ. ಎದುರಿನ ಲಾಲ್ ಬಾಗ್‌ನಲ್ಲಿ ಕೂತು ತಿಂಡಿ ಡಬ್ಬಿ ಬಿಚ್ಚಬಹುದು. ಮಂಗಗಳು ಕಂಡರೆ ಡಬ್ಬಿ ಮುಚ್ಚಿಬಿಡಿ. ನಾಲ್ಕನೆಯದು ತಖ್ತ್ ಮಹಲಿನ ಗೋಡೆಯ ಹುಲಿ ಮತ್ತು ಸೂರ್ಯ. ಹೆಂಚಿನ ಚೂರುಗಳಿಂದ ಮಾಡಿದ ಚಿತ್ರ ಅದು, ಕಮಾನಿನ ಮೇಲ್ಭಾಗದ ಮೂಲೆಯಲ್ಲಿದೆ, ಹುಡುಕಲು ಸ್ವಲ್ಪ ಕಷ್ಟ. ಐದನೆಯದು ಬುರುಜಿನ ಮೇಲಿನ ದೊಡ್ಡ ತೋಪು, ಅಂದರೆ ಫಿರಂಗಿ. ಚಿಕ್ಕವರು ದಣಿದಿದ್ದರೆ ಒಬ್ಬರು ಕೆಳಗೆ ಮರದಡಿ ಕೂತು, ಇನ್ನೊಬ್ಬರು ದೊಡ್ಡ ಮಗುವನ್ನು ಮಾತ್ರ ಕರೆದುಕೊಂಡು ಹೋಗಿ.

ಮ್ಯೂಸಿಯಂ ನೋಡುವ ಆಸೆ ಇದ್ದರೆ ವಾರದ ರಜೆ ಯಾವತ್ತು ಅಂತ ಮೊದಲೇ ವಿಚಾರಿಸಿ. ಪುರಾತತ್ವ ಇಲಾಖೆಯ ಮ್ಯೂಸಿಯಂಗಳಿಗೆ ಸಾಮಾನ್ಯವಾಗಿ ಶುಕ್ರವಾರ ರಜೆ. ಇಲಾಖೆ ಟಿಕೆಟ್ ಇಟ್ಟಿರುವ ಕಡೆ 15 ವರ್ಷದೊಳಗಿನ ಮಕ್ಕಳಿಗೆ ಟಿಕೆಟ್ ಇಲ್ಲ.

ಕೋಟೆಯಲ್ಲಿ ಹಾಳುಬಿದ್ದ ಬಾವಿಗಳು, ಮೆಟ್ಟಿಲ ಪಕ್ಕ ಕಟ್ಟೆಯೇ ಇಲ್ಲದ ಜಾಗಗಳು ಇವೆ. ತಖ್ತ್ ಮಹಲಿನ ಹಿಂದುಗಡೆ ವಿಶೇಷ ಎಚ್ಚರ ಬೇಕು. ಇಬ್ಬರು ಮಕ್ಕಳಿಗೆ ಇಬ್ಬರು ದೊಡ್ಡವರು, ಯಾರ ಮಗು ಯಾರ ಪಾಲು ಅಂತ ಒಳಗೆ ಹೋಗುವ ಮೊದಲೇ ಹಂಚಿಕೊಳ್ಳಿ. "ನೀನು ನೋಡ್ತಿದ್ದೀ ಅಂದ್ಕೊಂಡೆ" ಅನ್ನುವ ಮಾತು ಅಲ್ಲಿ ಬರಬಾರದು.

ಆಕಾಶದಲ್ಲಿ ದೊಡ್ಡ ಸದ್ದು ಬಂದರೆ ಹೆದರಬೇಡಿ. ಬೀದರ್‌ನಲ್ಲಿ ವಾಯುಪಡೆಯ ತರಬೇತಿ ನೆಲೆ ಇದೆ, ಆಕಾಶದಲ್ಲಿ ವಿಮಾನದ ಕಸರತ್ತು ತೋರಿಸುವ ಸೂರ್ಯಕಿರಣ್ ತಂಡದ ಊರೂ ಇದೇ. ವಿಮಾನ ಹಾರುವ ದಿನವಾದರೆ ಮಕ್ಕಳು ಕೋಟೆ ಬಿಟ್ಟು ಆಕಾಶವನ್ನೇ ನೋಡುತ್ತಾ ನಿಲ್ಲುತ್ತಾರೆ. ನಿಲ್ಲಲಿ ಬಿಡಿ.

ಅದೇ ದಿನ ಸಂಜೆ: ಮದರಸಾ, ಆಮೇಲೆ ಬಿದ್ರಿ

ಊಟ, ನಿದ್ದೆ ಮುಗಿಸಿ ನಾಲ್ಕು ಗಂಟೆಗೆ ಹಳೇ ಊರಿಗೆ ಹೊರಡಿ. ಬಹಮನಿಗಳ ಮಂತ್ರಿ ಮಹಮೂದ್ ಗವಾನ್ 1472ರಲ್ಲಿ ಕಟ್ಟಿಸಿದ ಮದರಸಾ ಅಂದರೆ ಆ ಕಾಲದ ದೊಡ್ಡ ವಿದ್ಯಾಲಯ. ಎದುರುಗಡೆಯ ಮಿನಾರಿನ ಮೇಲೆ ನೀಲಿ, ಬಿಳಿ, ಹಳದಿ ಹೆಂಚುಗಳು ಇನ್ನೂ ಅಂಟಿಕೊಂಡಿವೆ. 1696ರ ಸ್ಫೋಟದಲ್ಲಿ ಒಂದು ಭಾಗ ಬಿದ್ದುಹೋಯಿತು. ಇಲ್ಲಿ ಅರ್ಧ ಗಂಟೆ ಸಾಕು.

ನಿಜವಾಗಿ ಸಮಯ ಇಡಬೇಕಾದ್ದು ಬಿದ್ರಿ ಕೆಲಸಕ್ಕೆ, ಅಂದರೆ ಕಪ್ಪು ಲೋಹದ ಪಾತ್ರೆಗೆ ಬೆಳ್ಳಿ ಕೂರಿಸುವ ಈ ಊರಿನ ಕಲೆಗೆ. ಮದರಸಾ, ಚೌಬಾರಾ ಸುತ್ತಮುತ್ತಲ ಗಲ್ಲಿಗಳಲ್ಲಿ ಬಿದ್ರಿ ಅಂಗಡಿಗಳಿವೆ, ಕೆಲವರು ಅಲ್ಲೇ ಕೂತು ಕೆಲಸ ಮಾಡುತ್ತಾರೆ. "ಮಕ್ಕಳಿಗೆ ತೋರಿಸಬಹುದಾ" ಅಂತ ಕೇಳಿ ಒಳಗೆ ಹೋಗಿ. ಸತುವಿಗೆ ಸ್ವಲ್ಪ ತಾಮ್ರ ಸೇರಿಸಿ ಎರಕ ಹೊಯ್ದ ಪಾತ್ರೆ ಮೊದಲು ಬೂದಿ ಬಣ್ಣದಲ್ಲಿರುತ್ತದೆ. ಅದಕ್ಕೆ ಮೈಲುತುತ್ತದ ನೀರು ಸವರಿ ತಾತ್ಕಾಲಿಕವಾಗಿ ಕಪ್ಪು ಮಾಡುತ್ತಾರೆ, ಬರೆದ ಗೆರೆ ಕಾಣಲಿ ಅಂತ. ಚಾಣದಿಂದ ಬಳ್ಳಿ, ಹೂವು ಕೊರೆಯುತ್ತಾರೆ. ಕೊರೆದ ಗೆರೆಗೆ ಬೆಳ್ಳಿ ತಂತಿ ಇಟ್ಟು ಸಣ್ಣ ಸುತ್ತಿಗೆಯಿಂದ ತಟ್ಟಿ ಕೂರಿಸುತ್ತಾರೆ. ಉಜ್ಜಿ ನಯ ಮಾಡಿದಾಗ ಬೆಳ್ಳಿಯೂ ಸತುವೂ ಒಂದೇ ಬಣ್ಣ, ಚಿತ್ರ ಮಾಯವಾದಂತೆ ಕಾಣುತ್ತದೆ. ಕೊನೆಗೆ ಕೋಟೆಯ ಹಳೆಯ ಮಣ್ಣು ಮತ್ತು ನವಸಾಗರ ಕಲಸಿದ ನೀರು. ಪಾತ್ರೆಯನ್ನು ಬಿಸಿ ಮಾಡಿ ಅದನ್ನು ಉಜ್ಜುತ್ತಿದ್ದಂತೆ ಲೋಹ ಕಡುಕಪ್ಪಾಗುತ್ತದೆ, ಬೆಳ್ಳಿ ಮಾತ್ರ ಬೆಳ್ಳಗೇ ಉಳಿಯುತ್ತದೆ. ಎಷ್ಟೋ ವರ್ಷ ಬಿಸಿಲು, ಮಳೆ ಕಾಣದ ಮಣ್ಣೇ ಆಗಬೇಕು ಅನ್ನುತ್ತಾರೆ. ಸರಿಯಾದ ಮಣ್ಣು ಹೌದಾ ಅಂತ ಅನುಭವಸ್ಥರು ನಾಲಿಗೆಗೆ ಹಚ್ಚಿ ನೋಡುತ್ತಾರೆ.

ಬೆಳಗ್ಗೆ ಓಡಾಡಿದ ಕೋಟೆಯ ಮಣ್ಣಿನಿಂದ ಈ ಬಣ್ಣ ಬರುತ್ತದೆ ಅಂತ ಮಕ್ಕಳಿಗೆ ಹೇಳಿ. ಅದಕ್ಕೇ ಕೋಟೆ ನೋಡಿದ ದಿನವೇ ಬಿದ್ರಿ ಇಟ್ಟಿದ್ದೇನೆ. ಬಿಸಿ ಕುಲುಮೆ, ಲೋಹದ ಪುಡಿ, ರಾಸಾಯನಿಕ ಇರುವ ಜಾಗ, ತೀರ ಹತ್ತಿರ ಬಿಡಬೇಡಿ. ಇಷ್ಟು ಹೊತ್ತು ತೋರಿಸಿದವರ ಹತ್ತಿರ ಒಂದು ಕೀಚೈನೋ, ಸಣ್ಣ ಡಬ್ಬಿಯೋ ಕೊಂಡರೆ ಅವರಿಗೂ ಸಮಾಧಾನ, ಮಕ್ಕಳಿಗೂ ನೆನಪು. 2006ರಲ್ಲಿ ಭೌಗೋಳಿಕ ಗುರುತು (ಜಿಐ ಟ್ಯಾಗ್) ಸಿಕ್ಕ ಕಲೆ ಇದು. ಕೆಲಸ ಮಾಡುವವರ ಕೈಯಿಂದಲೇ ಕೊಳ್ಳಲು ಸಿಗುವ ಅವಕಾಶ ಬಿಡಬೇಡಿ, ತೀರ ಚೌಕಾಸಿಯೂ ಮಾಡಬೇಡಿ.

ಮೂರನೇ ದಿನ: ಅಷ್ಟೂರು, ಗುರುದ್ವಾರದ ಊಟ, ಹೊರಡುವುದು

ಅಷ್ಟೂರು ಊರಿಗೆ ಹತ್ತಿರ, ಆಟೋ ಸಿಗುತ್ತದೆ. ಬಹಮನಿ ಸುಲ್ತಾನರ ಗುಮ್ಮಟಗಳು ಬಯಲಿನಲ್ಲಿ ಸಾಲಾಗಿ ನಿಂತಿವೆ. ಮಕ್ಕಳು ಮೊದಲು ಓಡುವುದು ಹುಮಾಯೂನ್ ಸುಲ್ತಾನನ ಗುಮ್ಮಟದ ಕಡೆ. ಸಿಡಿಲು ಬಡಿದು ಅರ್ಧ ಬಿದ್ದುಹೋಗಿದೆ, ಕುಂಬಳಕಾಯಿ ಸೀಳಿ ಇಟ್ಟ ಹಾಗೆ ಒಳಗಿನ ಪೊಳ್ಳು, ಗೋಡೆಯ ದಪ್ಪ ಎಲ್ಲ ಹೊರಗಿನಿಂದಲೇ ಕಾಣುತ್ತದೆ. ಗುಮ್ಮಟ ಹೇಗೆ ನಿಲ್ಲುತ್ತದೆ ಅಂತ ಮಗುವಿಗೆ ತಿಳಿಸಲು ಇದಕ್ಕಿಂತ ಒಳ್ಳೆಯ ಪಾಠ ಇಲ್ಲ. ದೂರದಿಂದ ನೋಡಿ, ಕೆಳಗೆ ನಿಲ್ಲಬೇಡಿ.

ಅಹಮದ್ ಶಾ ವಲಿಯ ಗುಮ್ಮಟದ ಒಳಗೆ ಬಣ್ಣದ ಚಿತ್ತಾರಗಳಿವೆ, ಕತ್ತಲು ಜಾಸ್ತಿ. ಮತ್ತೆ ಟಾರ್ಚ್ ತೆಗೆಯಿರಿ. ಈ ಸುಲ್ತಾನನನ್ನು ಮುಸ್ಲಿಮರು ವಲಿ (ಸಂತ) ಅಂತ ನಂಬುತ್ತಾರೆ, ಲಿಂಗಾಯತ ಭಕ್ತರು ಅಲ್ಲಮಪ್ರಭು ಅಂತ ನಂಬುತ್ತಾರೆ. ಇಲ್ಲಿನ ಉರುಸಿಗೆ ಎರಡೂ ಕಡೆಯ ಜನ ಸೇರುತ್ತಾರೆ. ಒಳಗೆ ಚಪ್ಪಲಿ ಬಿಟ್ಟು, ದನಿ ತಗ್ಗಿಸಿ ನಡೆಯಬೇಕು ಅಂತ ಮಕ್ಕಳಿಗೆ ಹೇಳಿಕೊಡಿ.

ಅಲ್ಲಿಂದ ನಾನಕ್ ಝಿರಾ ಗುರುದ್ವಾರ. ಎಲ್ಲರೂ ತಲೆಗೆ ಬಟ್ಟೆ ಕಟ್ಟಬೇಕು, ಮಕ್ಕಳಿಗೂ ಕಟ್ಟಿ. ಕಾಲು ತೊಳೆದು ಒಳಗೆ ಹೋಗಿ, ಬಂಡೆಯಿಂದ ಬರುವ ಝರಿಯ ನೀರು ತೋರಿಸಿ. ಆಮೇಲೆ ಲಂಗರ್‌ನಲ್ಲಿ ಊಟ. ಯಾರು ಬಂದರೂ ಉಚಿತ, ನೆಲದ ಮೇಲೆ ಎಲ್ಲರ ಪಕ್ಕ ಎಲ್ಲರೂ ಕೂರುತ್ತಾರೆ. ರೊಟ್ಟಿ ಬಡಿಸುವಾಗ ಎರಡೂ ಕೈ ಒಡ್ಡಿ ತಗೊಳ್ಳಬೇಕು. ಮಗುವಿಗೆ ಅರ್ಧ ರೊಟ್ಟಿಯೇ ಕೇಳಿ, ತಟ್ಟೆಯಲ್ಲಿ ಬಿಡಬಾರದು. ಖಾರ ಕಮ್ಮಿ ಇರುವ ದಾಲ್ ಚಿಕ್ಕವರಿಗೆ ಚೆನ್ನಾಗಿ ಹೋಗುತ್ತದೆ.

ಖಾರದ ಮಾತು ಬಂದದ್ದಕ್ಕೆ ಇಲ್ಲೇ ಹೇಳಿಬಿಡುತ್ತೇನೆ. ನಮ್ಮ ಖಾನಾವಳಿ ಊಟ ದೊಡ್ಡವರಿಗೆ ಸ್ವರ್ಗ, ಮಕ್ಕಳ ಬಾಯಿಗೆ ಬೆಂಕಿ. ಜೋಳದ ರೊಟ್ಟಿಗೆ ಬೆಣ್ಣೆ ಅಥವಾ ಮೊಸರು ಕೇಳಿ, ಪುಂಡಿ ಪಲ್ಯ, ಎಣಗಾಯಿ ನೀವು ತಿನ್ನಿ. ಬೆಳಗ್ಗೆ ಬಿಸಿ ಇಡ್ಲಿ, ಮಧ್ಯಾಹ್ನ ಮೊಸರನ್ನ ಎಲ್ಲ ಕಡೆ ಸಿಗುತ್ತವೆ. ಮನೆಯಿಂದ ಶೇಂಗಾ ಹೋಳಿಗೆ ಕಟ್ಟಿಕೊಂಡರೆ ಮೂರು ದಿನ ಕೆಡುವುದಿಲ್ಲ. ಇಡೀ ಶೇಂಗಾ ಬೀಜ ಮಾತ್ರ 4 ವರ್ಷದೊಳಗಿನವರ ಕೈಗೆ ಕೊಡಬೇಡಿ, ಗಂಟಲಿಗೆ ಸಿಕ್ಕುತ್ತದೆ.

ಮರೆತೂ ಮಕ್ಕಳನ್ನು ಝರಣಿ ನರಸಿಂಹ ಗುಡಿಗೆ ಕರೆದೊಯ್ಯಬೇಡಿ. ಕತ್ತಲ ಗುಹೆಯಲ್ಲಿ ಎದೆಮಟ್ಟ ನೀರಿನಲ್ಲಿ ನಡೆದು ದೇವರ ದರ್ಶನ ಮಾಡಬೇಕು, ಮೇಲೆ ಬಾವಲಿಗಳು. ದೊಡ್ಡವರ ಎದೆಮಟ್ಟ ಅಂದರೆ ಮಗುವಿನ ತಲೆ ಮುಳುಗುತ್ತದೆ. ಹೆಗಲ ಮೇಲೆ ಕೂರಿಸಿಕೊಂಡು ಹೋಗುವವರನ್ನು ನೋಡುತ್ತೇವೆ, ಕಾಲು ಜಾರಿದರೆ ಗತಿ ಏನು? ಹರಕೆ ಇದ್ದರೆ ಒಬ್ಬೊಬ್ಬರಾಗಿ ಹೋಗಿಬನ್ನಿ, ಮಕ್ಕಳು ಹೊರಗೆ ಅಜ್ಜಿ ಜೊತೆ ಇರಲಿ.

ವಾಪಸ್ ಬರುವಾಗ ಕಾರು ಇದ್ದು, ಮಕ್ಕಳು ಹುರುಪಿನಲ್ಲಿದ್ದರೆ ಮಾತ್ರ ಬಸವಕಲ್ಯಾಣಕ್ಕೆ ತಿರುಗಿ. 108 ಅಡಿ ಎತ್ತರದ ಬಸವಣ್ಣನ ಮೂರ್ತಿ ನೋಡಿ ಮಕ್ಕಳು ಖುಷಿಪಡುತ್ತಾರೆ. ದಣಿದಿದ್ದರೆ ನೇರ ಹುಮನಾಬಾದ್ ದಾರಿ ಹಿಡಿದು ಕಮಲಾಪುರದಲ್ಲಿ ನಿಲ್ಲಿಸಿ. ಅಲ್ಲಿನ ಕೆಂಪು ಬಾಳೆಗೂ ಭೌಗೋಳಿಕ ಗುರುತು ಇದೆ. ಸಿಪ್ಪೆ ದಪ್ಪ, ಒತ್ತಿದಾಗ ಮೆತ್ತಗಾದರೆ ಮಾತ್ರ ಹಣ್ಣಾಗಿದೆ ಅಂತ ಅರ್ಥ. ಗಟ್ಟಿ ಇದ್ದರೆ ಮನೆಗೆ ಒಯ್ದು ಎರಡು ದಿನ ಇಡಿ.

ಮೈ ಹುಷಾರಿಲ್ಲದಾಗ

ಮಗು ಬಿಸಿಲಿನಲ್ಲಿ ಮಂಕಾಗಿ, ಮೂತ್ರ ಕಮ್ಮಿಯಾಗಿ, ಬಾಯಿ ಒಣಗಿದರೆ ಅಲ್ಲಿಗೇ ಸುತ್ತಾಟ ನಿಲ್ಲಿಸಿ. ನೆರಳು, ಒದ್ದೆ ಬಟ್ಟೆ, ಚಮಚದಿಂದ ಸ್ವಲ್ಪಸ್ವಲ್ಪವೇ ಒಆರ್‌ಎಸ್. ಕುಡಿದದ್ದೆಲ್ಲ ವಾಂತಿಯಾದರೆ, ಎಬ್ಬಿಸಿದರೂ ಸರಿಯಾಗಿ ಕಣ್ಣು ಬಿಡದಿದ್ದರೆ ತಡಮಾಡದೆ ಆಸ್ಪತ್ರೆಗೆ ಹೋಗಿ. ಬೀದರ್‌ನಲ್ಲಿ ಬ್ರಿಮ್ಸ್, ಕಲಬುರಗಿಯಲ್ಲಿ ಜಿಮ್ಸ್ ಸರ್ಕಾರಿ ಆಸ್ಪತ್ರೆಗಳಿವೆ. ಆಂಬುಲೆನ್ಸ್‌ಗೆ 108, ಪೊಲೀಸರಿಗೆ 112. ಮಗು ಕಳೆದರೆ 112ರ ಜೊತೆ 1098ಕ್ಕೂ ಫೋನ್ ಮಾಡಬಹುದು. ಜಾತ್ರೆ, ರೈಲ್ವೆ ಸ್ಟೇಷನ್‌ನಂಥ ಗದ್ದಲದ ಜಾಗದಲ್ಲಿ ಮಗುವಿನ ಅಂಗಿ ಜೇಬಿನಲ್ಲಿ ನಿಮ್ಮ ಫೋನ್ ನಂಬರಿನ ಚೀಟಿ ಇರಲಿ. ಬೆಳಗ್ಗೆ ಹೊರಡುವ ಮೊದಲು ಮಕ್ಕಳದೊಂದು ಫೋಟೋ ತೆಗೆದುಕೊಳ್ಳಿ, ಅವತ್ತು ಹಾಕಿದ ಬಟ್ಟೆ ಅದರಲ್ಲಿರುತ್ತದೆ.

ಒಂದೇ ದಿನ ಬಿಡುವಿದ್ದರೆ

ಬೀದರ್ ಕಡೆಯವರು, ಯಾದಗಿರಿಯವರು ಮಕ್ಕಳನ್ನು ಕಲಬುರಗಿಗೆ ಕರೆತರುವುದಾದರೆ ಬೆಳಗ್ಗೆ ಕೋಟೆಯ ಜಾಮಿ ಮಸೀದಿ ನೋಡಿ. 1367ರ ಈ ಮಸೀದಿಗೆ ತೆರೆದ ಅಂಗಳವೇ ಇಲ್ಲ, ಇಡೀ ಮಸೀದಿ ಗುಮ್ಮಟಗಳ ಕೆಳಗಿದೆ, ಹಾಗಾಗಿ ಮಕ್ಕಳಿಗೆ ಒಳಗೆ ತಂಪು. ಬಿಸಿಲೇರಿದ ಮೇಲೆ ಜಿಲ್ಲಾ ವಿಜ್ಞಾನ ಕೇಂದ್ರ. ಅಲ್ಲಿ ಮುಟ್ಟಿ, ತಿರುಗಿಸಿ, ಒತ್ತಿ ನೋಡುವ ವಸ್ತುಗಳೇ ಜಾಸ್ತಿ, 5 ದಾಟಿದ ಮಕ್ಕಳು ಹೊರಡಲು ಒಪ್ಪುವುದಿಲ್ಲ. ಸಂಜೆ ಬುದ್ಧ ವಿಹಾರ ಅಥವಾ ಶರಣಬಸವೇಶ್ವರ ಗುಡಿ ಮತ್ತು ಅಪ್ಪನ ಕೆರೆ. ಹೋಳಿ ಆದ ಮೇಲಿನ ಶರಣಬಸವೇಶ್ವರ ಜಾತ್ರೆಯ ದಿನಗಳಲ್ಲಿ ತೇರಿನ ಹತ್ತಿರ ಕೂಸುಗಳನ್ನು ಒಯ್ಯಬೇಡಿ, ಅಂಗಡಿ ಸಾಲು ನೋಡಿ ಬನ್ನಿ.

ಯಾದಗಿರಿ ಕಡೆ ಹೊರಟರೆ ಕೋಟೆ ಗುಡ್ಡ ಹತ್ತುವುದನ್ನು ಮಕ್ಕಳು ದೊಡ್ಡವರಾಗುವವರೆಗೆ ಮುಂದಕ್ಕೆ ಹಾಕಿ. ಶಹಾಪುರದಲ್ಲಿ ಬುದ್ಧ ಮಲಗಿದ ಹಾಗೆ ಕಾಣುವ ಬೆಟ್ಟ ರಸ್ತೆಯಿಂದಲೇ ಕಾಣುತ್ತದೆ. ಹಣೆ, ಮೂಗು, ಎದೆ ಯಾವುದು ಅಂತ ಮಕ್ಕಳೇ ಹುಡುಕಲಿ. ಅಲ್ಲಿಂದ ಸುರಪುರ ದಾಟಿ ಬೋನಾಳ ಪಕ್ಷಿಧಾಮಕ್ಕೆ ಹೋಗಿ. ಚಳಿಗಾಲದಲ್ಲಿ ವಲಸೆ ಹಕ್ಕಿಗಳು ಬರುತ್ತವೆ, ಬೆಳಗ್ಗೆ ಬೇಗ ಹೋದಷ್ಟೂ ಜಾಸ್ತಿ ಕಾಣುತ್ತವೆ. ದುರ್ಬೀನು ಇದ್ದರೆ ಒಯ್ಯಿರಿ, ಕೆಂಪು ಹಳದಿ ಗಾಢ ಬಣ್ಣದ ಅಂಗಿ ಬೇಡ. ನಾರಾಯಣಪುರ ಜಲಾಶಯದ ಕೆಳಗಡೆ, ಛಾಯಾ ಭಗವತಿ ಹತ್ತಿರ, ಕೃಷ್ಣೆಯ ನೀರಿಗೆ ಮಕ್ಕಳನ್ನು ಇಳಿಸಬೇಡಿ. ಗೇಟು ತೆಗೆದರೆ ನೀರು ಏರಲು ಹೊತ್ತು ಬೇಕಿಲ್ಲ. ಮೆಟ್ಟಿಲ ಮೇಲೆ ನಿಂತು ಕೈಕಾಲು ಮುಖಕ್ಕೆ ನೀರು ಚಿಮುಕಿಸಿ, ದರ್ಶನ ಮುಗಿಸಿ, ಕತ್ತಲಾಗುವ ಮೊದಲು ಊರ ದಾರಿ ಹಿಡಿಯಿರಿ.